ಎದುರಿಗೆ ಬಂದು ಹೇಳಿ

ಕೋವಿಡ್ ಮುಗಿದು ಕಾಲೇಜುಗಳು ಮತ್ತೆ ಗಿಜಿಗುಡತೊಡಗಿದ್ದ ವರ್ಷ. ಕೊಲ್ಹಾಪುರದ ಒಂದು ವಾಣಿಜ್ಯ ಕಾಲೇಜಿನಲ್ಲಿ ನಾನು ಉಪನ್ಯಾಸಕಿ. ದಿವ್ಯಾಂಗ ವಿದ್ಯಾರ್ಥಿಗಳ ಸಹಾಯ ಕೇಂದ್ರದ ಹೊಣೆಯೂ ನನ್ನದೇ. ಕೇಂದ್ರವೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ವೀಲ್‌ಚೇರ್, ಅಂಧರಿಗೆ ಪಠ್ಯ ಓದಿ ಹೇಳುವ ಕಂಪ್ಯೂಟರ್. ಬಾಗಿಲು ತಟ್ಟಿದವರಿಗೆ ಸಹಾಯ ಸಿಗುತ್ತಿತ್ತು. ತಮಗೆ ತೊಂದರೆಯಿದೆ ಎಂದು ಗೊತ್ತೇ ಇಲ್ಲದವರು ತಟ್ಟುವುದಾದರೂ ಹೇಗೆ?

ಶ್ರೀದೇವಿ ಅಂಥವಳು. ಇಚಲಕರಂಜಿ ಪಕ್ಕದ ಕಬನೂರಿನ ನೇಕಾರರ ಮನೆಯ ಹುಡುಗಿ, ಬಿ.ಕಾಂ. ಮೊದಲ ವರ್ಷ. ಹನ್ನೆರಡನೆಯದರಲ್ಲಿ ಒಳ್ಳೆಯ ಅಂಕ ತೆಗೆದವಳು ನಮ್ಮಲ್ಲಿ ಮೊದಲ ಕಿರುಪರೀಕ್ಷೆಯಲ್ಲೇ ಮುಗ್ಗರಿಸಿದಳು. ಕರೆದರೆ ತಿರುಗಿ ನೋಡುವುದಿಲ್ಲ, ಸೊಕ್ಕಿನವಳು ಎಂದು ಸಹೋದ್ಯೋಗಿಗಳು ದೂರಿದರು. ದೀಪಾವಳಿ ರಜೆ ಮುಗಿದರೂ ಬರಲಿಲ್ಲ. ಫೋನ್ ಮಾಡಿದರೆ ತಂದೆ ಬಾಳಪ್ಪ, “ಕಾಲೇಜ ಬಿಡಿಸೇವ್ರಿ ಮೇಡಂ. ಅಕೀಗೆ ಲಕ್ಷ್ಯನ ಇಲ್ಲ. ವರಾ ನೋಡಾಕತ್ತೇವಿ” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಭಾನುವಾರ ಗಡಹಿಂಗ್ಲಜದ ತವರಿಗೆ ಹೋಗುವುದನ್ನು ಬಿಟ್ಟು ಕಬನೂರಿಗೆ ಹೊರಟೆ.

ಬಾಗಿಲಲ್ಲೇ ತಾಯಿ ಸುನಂದಾ ಚಹಾ ಕುಡಿಯಲೇಬೇಕೆಂದರು. ಸಕ್ಕರೆ ಬೇಡ ಎಂದೆ. ಮನೆಗೆ ಹೊಂದಿಕೊಂಡ ಪವರ್‌ಲೂಮ್ ಶೆಡ್ಡಿನೊಳಗೆ ಕಾಲಿಟ್ಟರೆ ಆ ಖಡಖಡ ಸದ್ದಿಗೆ ನನ್ನ ಮಾತು ನನಗೇ ಕೇಳಲಿಲ್ಲ. ಅಲ್ಲಿ ಯಾರೂ ಕೂಗುವುದೂ ಇಲ್ಲ. ತುಟಿ ಆಡಿಸುತ್ತಾರೆ, ಕೈ ತೋರಿಸುತ್ತಾರೆ, ಕೆಲಸ ನಡೆಯುತ್ತದೆ. ಸುನಂದಾ ಆಚೆ ತುದಿಯಲ್ಲಿದ್ದ ಮಗಳಿಗೆ ಬರೀ ತುಟಿಯಲ್ಲೇ ಏನೋ ಅಂದರು. ಶ್ರೀದೇವಿ ಒಳಗೆ ಹೋಗಿ ಸಕ್ಕರೆಯಿಲ್ಲದ ಚಹಾ ತಂದುಕೊಟ್ಟಳು. ಲಕ್ಷ್ಯವಿಲ್ಲದ ಹುಡುಗಿ ಇವಳೇನಾ ಅನ್ನಿಸಿತು.

ಅಷ್ಟರಲ್ಲಿ ಕರೆಂಟು ಹೋಗಿ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಶ್ರೀದೇವಿ ನಮಗೆ ಬೆನ್ನು ಮಾಡಿ ನೂಲು ಜೋಡಿಸುತ್ತಿದ್ದಳು. ನನ್ನ ಪಕ್ಕಕ್ಕೆ ಬಂದು ನಿಂತಿದ್ದ ಬಾಳಪ್ಪ ಕರೆದರು. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದರು. ಊಹೂಂ.

“ನೋಡಿದ್ರಿಲ್ರಿ? ಹಿಂಗ ಐತಿ ಅಕೀದು.”

ನಾನು ಬಾಯಿ ತೆರೆಯುವ ಮೊದಲೇ ಸುನಂದಾ ಸಣ್ಣ ದನಿಯಲ್ಲಿ, “ಏನ್ರಿ, ಅಕೀಗೆ ಕೇಳಸವಲ್ದರಿ” ಎಂದರು.

ಎಲ್ಲರೂ ತುಟಿ ನೋಡಿಯೇ ಮಾತಾಡುವ ಮನೆ ಅದು. ಮಗಳ ಕಿವಿ ಮಂದವಾಗುತ್ತ ಬಂದದ್ದು ಆ ಗಳಿಗೆಯವರೆಗೆ ಯಾರಿಗೂ ತಿಳಿದಿರಲಿಲ್ಲ, ಅವಳಿಗೂ. ಊರ ಶಾಲೆಯ ಸಣ್ಣ ವರ್ಗದಲ್ಲಿ ಮುಂದಿನ ಬೆಂಚಿನಿಂದ ಹೇಗೋ ನಿಭಾಯಿಸಿದ್ದಳು. ನಮ್ಮ ದೊಡ್ಡ ಹಾಲಿನಲ್ಲಿ ಅದು ನಡೆಯಲಿಲ್ಲ. ವಾರ್ಷಿಕ ಪರೀಕ್ಷೆಯವರೆಗೆ ಮಾತ್ರ ಕಳಿಸುತ್ತೇನೆ, ನಾಪಾಸಾದರೆ ಮತ್ತೆ ಕೇಳಬೇಡಿ ಎಂದು ಬಾಳಪ್ಪ ಒಪ್ಪಿದರು.

ಯಾವ ಸದ್ದು ಎಷ್ಟು ಕೇಳುತ್ತದೆ ಎಂದು ಅಳೆಯುವ ಆಡಿಯೋಗ್ರಾಮ್ ಆಯಿತು, ಶ್ರವಣ ಯಂತ್ರ ಬಂತು. ಆದರೂ ಫ್ಯಾನುಗಳ ಗದ್ದಲದಲ್ಲಿ ಅವಳು ತುಟಿಗಳನ್ನೇ ನಂಬಬೇಕಿತ್ತು. ಹಲಗೆಯತ್ತ ತಿರುಗಿ ಮಾತಾಡಬೇಡಿ, ಟಿಪ್ಪಣಿ ಮೊದಲೇ ಕೊಡಿ ಎಂದು ಎಲ್ಲ ಉಪನ್ಯಾಸಕರನ್ನೂ ಕೇಳಿಕೊಂಡೆ. ಎಲ್ಲರೂ ಒಪ್ಪಿದರು.

“ಮಾನೆ ಸರ್‌ದು ಮಾತ್ರ ತಿಳಿಯವಲ್ದರಿ ಮೇಡಂ. ತುಟೀನ ಕಾಣಂಗಿಲ್ಲ” ಎಂದು ಶ್ರೀದೇವಿ ನಕ್ಕಳು. ಕಾಸ್ಟಿಂಗ್, ಅಂದರೆ ವೆಚ್ಚದ ಲೆಕ್ಕ ಕಲಿಸುತ್ತಿದ್ದ ಮಾನೆಯವರ ಮೀಸೆ ಕಾಲೇಜಿಗೇ ಪ್ರಸಿದ್ಧವಾಗಿತ್ತು. ವಿಷಯ ಹೇಳಿದಾಗ ಅವರು ಕೆಂಪಾದರು.

“ಅಹೋ ಮೇಡಂ, ಈ ಮೀಸಿಗೆ ನಮ್ಮಪ್ಪನೂ ಕೈ ಹಚ್ಚಿಲ್ಲ.”

“ಹಚ್ಚಬ್ಯಾಡ್ರಿ. ನಿಮ್ಮ ವಿಷಯದಾಗ ಅಕಿ ನಾಪಾಸಾದ್ರ ಲಗ್ನಾ ಮಾಡಿ ಕಳಸ್ತಾರ. ಮೀಸಿ ತಿರುವಿ ಅಕ್ಕಿಕಾಳ ಹಾಕಿ ಬರ್ರಿ.”

ಸೋಮವಾರ ಅವರು ಮೇಲ್ದುಟಿ ಪೂರ್ತಿ ಕಾಣುವಂತೆ ಕತ್ತರಿಸಿಕೊಂಡು ಬಂದರು. ಸ್ಟಾಫ್‌ರೂಮಿನಲ್ಲಿ ವಾರವಿಡೀ ಕೀಟಲೆ. ಅವರು ತಲೆ ಕೆಡಿಸಿಕೊಳ್ಳದೆ, ಹಲಗೆಗೆ ಬೆನ್ನು ಹಾಕಿ ಬಿಡಿಸಿ ಬಿಡಿಸಿ ಪಾಠ ಹೇಳಿದರು. ಹಿಂದಿನ ಬೆಂಚಿನವರಿಗೂ ಆ ವರ್ಷ ಕಾಸ್ಟಿಂಗ್ ತಿಳಿಯಿತು.

ಫಲಿತಾಂಶದ ದಿನ ಬಾಳಪ್ಪ ಬಂದಿದ್ದರು. ಎಲ್ಲ ವಿಷಯಗಳಲ್ಲೂ ಪಾಸು ಎಂದು ನಾನೇ ಹೇಳಿದೆ. ಶ್ರೀದೇವಿ ಅಂಗಳದಲ್ಲಿ ನಮಗೆ ಬೆನ್ನು ಮಾಡಿ ಗೆಳತಿಯರೊಡನೆ ನಿಂತಿದ್ದಳು. ಈ ಸಲ ಅವರು ಕೂಗಲಿಲ್ಲ. ನಡೆದುಹೋಗಿ, ಸುತ್ತು ಬಳಸಿ, ಮಗಳ ಎದುರಿಗೆ ನಿಂತು ಸದ್ದಿಲ್ಲದೆ ತುಟಿ ಆಡಿಸಿದರು. ನನಗೊಂದೂ ತಿಳಿಯಲಿಲ್ಲ.

“ಮೇಡಂ,” ಶ್ರೀದೇವಿ ಅಲ್ಲಿಂದಲೇ ಕೂಗಿದಳು, “ಮುಂದಿನ ವರ್ಷಾನೂ ಕಳಸ್ತಾರಂತ್ರಿ.”

ನನ್ನ ಕಣ್ಣು ತುಂಬಿಬಂತು. ನಿವೃತ್ತಿಯ ದಿನ ಮೆಟ್ಟಿಲ ಕೆಳಗಿನ ಆ ಕೋಣೆಯ ಕೀಲಿ ಕೊಡುವಾಗ, ನನ್ನ ಜಾಗಕ್ಕೆ ಬಂದವಳಿಗೆ ಹೇಳಿದ್ದು ಇಷ್ಟೇ: ಬಾಗಿಲು ತಟ್ಟಲಿ ಎಂದು ಕಾಯಬೇಡ, ಎದ್ದು ಅವರ ಎದುರಿಗೆ ಹೋಗಿ ನಿಲ್ಲು.