ಐಗಳಿಯ ಬಾವಿಗೆ ಒಂದು ತಂಬಿಗೆ ನೀರು

ಇಂಥವನು ನಾನು ಎಂದು ನೀವು ಊರಿಗೆಲ್ಲ ಹೇಳಿಕೊಳ್ಳುವ ಮನುಷ್ಯ ಒಬ್ಬ, ದಿನಾ ಕೆಲಸಕ್ಕೆ ಹೋಗುವ ಮನುಷ್ಯ ಇನ್ನೊಬ್ಬ ಎಂದು ಯಾವತ್ತಾದರೂ ಅನಿಸಿದೆಯೇ? ನನಗೆ ಕಳೆದ ವಾರ ಬಸ್ಸಿನಲ್ಲಿ ಅನಿಸಿತು.

ನಾನು ಜೈನ. ಮೊಬೈಲಿನಲ್ಲಿ ಅಹಿಂಸೆಯ ಬಗ್ಗೆ ಉದ್ದುದ್ದ ಬರೆಯುತ್ತೇನೆ, ನಿಮಗೇ ಗೊತ್ತು. ನಿಪ್ಪಾಣಿಯಲ್ಲಿ ಇಪ್ಪತ್ತೈದು ವರ್ಷದಿಂದ ನಡೆಸುತ್ತಿರುವುದು ಮಾತ್ರ ಕೀಟನಾಶಕದ ಅಂಗಡಿ.

ಅವ್ವನ ತವರು ಅಥಣಿಯ ಆಚೆಯ ಐಗಳಿ. ಅವಳ ಅಣ್ಣನ ಮಗ ಅಲ್ಲಿಯ ಬಾವಿ ನೀರನ್ನು ಪ್ರೀತಿಯಿಂದ ಒಂದು ಕ್ಯಾನ್ ತಂದುಕೊಟ್ಟು ಕೊಲ್ಲಾಪುರಕ್ಕೆ ಹೋದ. ಅವಸರದಲ್ಲಿ ಸೋಸದೇ ತುಂಬಿದ್ದ. ನಮ್ಮಲ್ಲಿ ನೀರನ್ನು ಬಾವಿಯ ಬಳಿಯೇ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳನ್ನು ಅದೇ ಬಾವಿಗೆ ಮರಳಿಸುವುದು ಪದ್ಧತಿ. ಅವ್ವ ನಮ್ಮ ಮನೆಯಲ್ಲಿ ಸೋಸಿ, ಬಟ್ಟೆ ತೊಳೆದ ನೀರನ್ನು ಮುಚ್ಚಳದ ತಂಬಿಗೆಯಲ್ಲಿ ತುಂಬಿ ನನ್ನ ಮುಂದಿಟ್ಟಳು.

"ಇವು ಐಗಳ್ಯಾಗ ಹುಟ್ಟ್ಯಾವ. ಅಲ್ಲೇ ಬಿಟ್ಟು ಬಾ. ನನ್ನ ಮೊಣಕಾಲ ನಡಿಯಂಗಿಲ್ಲ."

"ಇಲ್ಲೇ ಹಿತ್ತಲ ಬಾವ್ಯಾಗ ಬಿಟ್ರ ಆಗಂಗಿಲ್ಲೇನ್ ಬೇ?"

"ನಿನ್ನ ಒಯ್ದು ಮಂದಿ ಮನ್ಯಾಗ ಬಿಟ್ರ ಇರ್ತಿದ್ದೇನು?"

ಬೆಳಿಗ್ಗೆ ಆರೂವರೆಯ ಬಸ್ಸು. ಚಿಕ್ಕೋಡಿವರೆಗೂ ಮಂಜು, ಕಬ್ಬಿನ ಗದ್ದೆಗಳು ನಿದ್ದೆಯಲ್ಲಿ ನಡೆದುಹೋಗುವವರಂತೆ ಕಿಟಕಿಯಾಚೆ ಸರಿಯುತ್ತಿದ್ದವು. ಚಿಕ್ಕೋಡಿಯಲ್ಲಿ ಅವಲಕ್ಕಿ, ಚಹಾ. ತಂಬಿಗೆಯನ್ನು ತೊಡೆಯಿಂದ ಕೆಳಗಿಡಲಿಲ್ಲ. ತೂಕಡಿಕೆಯಲ್ಲಿ ಒಳಗಿನವೂ ನಿದ್ದೆ ಹೋಗಿವೆ, ಅಲುಗಾಡಬಾರದು ಅನಿಸುತ್ತಿತ್ತು.

ರಾಯಬಾಗದಲ್ಲಿ ಬಸ್ಸಿಗಾಗಿ ಒಂದು ತಾಸು ಕಾದೆ. ಬೇಸರ ಬಂತು. ನಲ್ಲಿಯ ಹತ್ತಿರ ಹೋಗಿ ಮುಚ್ಚಳ ತೆಗೆದೆ. ಇಲ್ಲೇ ಚೆಲ್ಲಿ, ಬಿಟ್ಟು ಬಂದೆ ಎಂದರೆ ಅವ್ವನಿಗೆ ಹೇಗೆ ಗೊತ್ತಾಗಬೇಕು? ಒಳಗೆ ಬಗ್ಗಿ ನೋಡಿದೆ. ಏನೂ ಇರಲಿಲ್ಲ, ಒಂದು ತುಂಡು ಆಕಾಶ ಬಿಟ್ಟರೆ. ಯಾಕೋ ಮುಚ್ಚಿದೆ.

ಅಥಣಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ದ್ರಾಕ್ಷಿ ಬೆಳೆಗಾರ ನನ್ನನ್ನು ಗುರುತು ಹಿಡಿದ.

"ಸಾವಕಾರ್ರ, ತ್ವಾಟದಾಗ ಒಂದು ಹುಳ ಉಳೀಬಾರ್ದು, ಅಂಥಾ ಔಷಧ ಹೇಳ್ರಿ."

ಹೆಸರು, ಪ್ರಮಾಣ ಎರಡನ್ನೂ ಹೇಳಿದೆ. ನಾಲಿಗೆ ತಾನಾಗಿಯೇ ಹೇಳಿತು.

"ತಂಬಿಗ್ಯಾಗ ಏನೈತ್ರಿ?"

"ಹುಳ. ಅವ್ರ ಊರಿಗೆ ಬಿಡಾಕ ಹೊಂಟೇನಿ." ಪದ್ಧತಿಯನ್ನೂ ವಿವರಿಸಿದೆ.

ಆತ ಬಹಳ ಹೊತ್ತು ನಕ್ಕ. "ಇವನ್ನ ಟಿಕೆಟ್ ತಗದು ಮನೀಗೆ ಮುಟ್ಟಸ್ತೀರಿ, ನಮ್ಮ ತ್ವಾಟದಾವ್ನ ರೊಕ್ಕಾ ತಗೊಂಡು ಕೊಲ್ಲಸ್ತೀರಿ. ಭಾರಿ ಐತಿ ಬಿಡ್ರಿ ನಿಮ್ದು."

ಆಮೇಲೆ ಆತ ನಿದ್ದೆಹೋದ. ಕೃಷ್ಣೆಯ ಸೇತುವೆ ಬಂತು. ಕೆಳಗೆ ನೀರು ಬೆಳ್ಳಗೆ, ಕದಲದೆ ಮಲಗಿತ್ತು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ.

ಅಥಣಿಯಲ್ಲಿ ಬಸ್ಸು ಬದಲಿಸಿ ಐಗಳಿ ಮುಟ್ಟುವಾಗ ಮಧ್ಯಾಹ್ನ. ಬಾವಿಯ ಕಟ್ಟೆ ಹತ್ತಿ, ಮುಚ್ಚಳ ತೆಗೆದು ತಂಬಿಗೆ ಓರೆ ಮಾಡಿದೆ. ನೀರು ತಂದಿದ್ದ ಮಾವನ ಮಗನ ಹೆಂಡತಿ, ನನಗೆ ವೈನಿ ಅಂದರೆ ಅತ್ತಿಗೆ, ಹಿಂದಿನಿಂದ ಕೈ ಹಿಡಿದಳು.

"ಭಾವೂಜಿ, ಮ್ಯಾಲಿಂದ ಸುರುವಿದ್ರ ಪೆಟ್ಟ ಬಿದ್ದು ಸಾಯ್ತಾವ. ಇಷ್ಟ ದೂರ ತಂದಿದ್ದು ಕೊಲ್ಲಾಕೇನ್ರಿ?"

ಆಕೆ ತಂಬಿಗೆಯ ಕೊರಳಿಗೂ ಬುಡಕ್ಕೂ ಒಂದೊಂದು ಹಗ್ಗ ಬಿಗಿದು ಕೊಟ್ಟಳು. ಮೆಲ್ಲಗೆ ಇಳಿಸಿದೆ. ನೀರು ಮುಟ್ಟಿದಾಗ ಕೊರಳ ಹಗ್ಗ ಸಡಿಲಾಯಿತು. ಬುಡದ ಹಗ್ಗ ಎಳೆದೆ, ತಂಬಿಗೆ ನೀರಿನಲ್ಲೇ ಮಗುಚಿತು. ಸದ್ದೇ ಆಗಲಿಲ್ಲ. ಐವತ್ತು ವರ್ಷದಲ್ಲಿ ಯಾವ ಜೀವವನ್ನೂ ಇಷ್ಟು ಜೋಪಾನವಾಗಿ ಎಲ್ಲಿಗೂ ಮುಟ್ಟಿಸಿದ ನೆನಪಿಲ್ಲ.

ಅಲ್ಲೇ ಕೂತು ಅವ್ವನಿಗೆ ಫೋನ್ ಮಾಡಿದೆ. ರಾಯಬಾಗದ ನಲ್ಲಿಯ ಸಂಗತಿಯನ್ನೂ ಮುಚ್ಚಿಡಲಿಲ್ಲ. ಕೊನೆಗೆ ಕೇಳಿದೆ: "ಅಂಗಡೀದು ಏನ್ ಮಾಡ್ಲಿ ಬೇ?"

ಅವ್ವ ಅಂದಳು: "ಇಪ್ಪತ್ತೈದು ವರ್ಷ ನೀ ಕೇಳ್ತಿ ಅಂತ ಕಾದೆ. ಈಗ ನಿನಗ ಗೊತ್ತಾಗೇತಿ, ನನಗ್ಯಾಕ ಕೇಳ್ತಿ? ಉಂಡು ಬಾ."

ಊರಿಗೆ ಬಂದು ಐದು ದಿನವಾಯಿತು. ಅಂಗಡಿಯ ಬೀಗ ಇನ್ನೂ ತೆಗೆದಿಲ್ಲ. ಮುಂದೆ ಏನು ಮಾರಬೇಕೋ ಗೊತ್ತಿಲ್ಲ. ಆ ಔಷಧ ಮಾರುವುದು ಇನ್ನು ನನ್ನಿಂದಾಗದು ಎಂಬುದಷ್ಟೇ ಗೊತ್ತು.

ನಂಬಿದ್ದೊಂದು, ಅನ್ನ ಕೊಡುವುದೊಂದು ಆದಾಗ ನೀವೇನು ಮಾಡಿದಿರಿ? ಕೆಳಗೆ ಬರೆಯಿರಿ. ಉಪದೇಶ ಬೇಡ, ನಡೆದದ್ದನ್ನು ಹೇಳಿ. ಒಂದೊಂದನ್ನೂ ಓದುತ್ತೇನೆ, ಸದ್ಯಕ್ಕೆ ನನಗೆ ಪುರುಸೊತ್ತಿದೆ.