ಒಂದೇ ಸಲ ಕೇಳುವ ಊರು

ಗ್ಯಾಸ್ ಒಲೆ ಆರಿಸುವ ಸದ್ದು ಎಷ್ಟು ಸಣ್ಣದು ನೋಡಿ! ಟಪ್, ಅಷ್ಟೇ. ಈಗ ಸ್ವಲ್ಪ ಹೊತ್ತಿನ ಹಿಂದೆ ನನ್ನ ತಂಗಿಯ ಮಗಳು ಸವಿತಾ ಅಡುಗೆಮನೆಯಿಂದ “ದೊಡ್ಡವ್ವಾ, ಟೀ ಕುಡಿತೀಯಾ?” ಎಂದು ಕೇಳಿದಳು. “ಬ್ಯಾಡ ಬಿಡವ್ವ” ಅಂದೆ. ಟಪ್. ಮುಗಿಯಿತು. ಬೇಕಿತ್ತು ಕಣ್ರೀ, ನಿಜವಾಗಿಯೂ ಬೇಕಿತ್ತು. “ಒಂದರ್ಧ ಲೋಟ ಕುಡಿಯೇ” ಎಂದು ಇನ್ನೊಂದು ಸಲ ಅನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. ನ್ಯಾಮತಿಯ ಅವಳ ಮನೆಯ ಪಡಸಾಲೆಯಲ್ಲಿ ಕೂತು ಇಲ್ಲದ ಟೀಯ ವಾಸನೆ ಹಿಡಿಯುತ್ತಿದ್ದೇನೆ.

ಟೀ ಹೋದರೆ ಹೋಗಲಿ. ನಿನ್ನೆ ಸಂಜೆ ಅವಳು ಕೇಳಿದ್ದು ಬೇರೆ. “ಹೊನ್ನಾಳಿ ಮನೆ ಖಾಲಿ ಮಾಡಿ ಇಲ್ಲೇ ಬಂದು ಇರಬಾರದಾ ದೊಡ್ಡವ್ವ? ಹಿಂದಿನ ರೂಮು ಸುಮ್ನೆ ಬಿದ್ದೈತೆ.” ನಾನೇನಂದೆ? “ಛೇ ಛೇ, ನಿಮಗ್ಯಾಕೆ ತೊಂದ್ರೆ, ನಾ ಅಲ್ಲೇ ಆರಾಮಿದೀನಿ.” ಅವಳು ಒಂದು ಗಳಿಗೆ ನನ್ನ ಮುಖ ನೋಡಿ, “ನಿನ್ನಿಷ್ಟ” ಎಂದು ಟಿವಿ ಕಡೆ ತಿರುಗಿದಳು. ಬೆಳಿಗ್ಗೆ ಅವಳ ಗಂಡ ಫೋನಿನಲ್ಲಿ ಯಾರಿಗೋ “ಹ್ಞೂ, ರೂಮ್ ಬಾಡಿಗೆಗೈತೆ, ಬಂದು ನೋಡ್ರಿ” ಅನ್ನುತ್ತಿದ್ದ. ಮಧ್ಯಾಹ್ನದ ಬಸ್ಸಿಗೆ ನಾನು ಹೊರಡಬೇಕು.

ಆರಾಮ್ ಅಂತೆ, ಆರಾಮ್! ನನಗೆ ಸಾಕಾಗಿದೆ. ಒಬ್ಬಳಿಗೆ ಒಂದು ಹಿಡಿ ಅಕ್ಕಿ ಇಡುವುದು, ಅದರಲ್ಲೂ ಮಿಕ್ಕಿದ್ದನ್ನು ಮರುದಿನ ಉಣ್ಣುವುದು, ಚಿಲಕ ಹಾಕಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗಿ ನೋಡುವುದು. ನರ್ಸಾಗಿ ಜೀವಮಾನವೆಲ್ಲ ಪರರ ಮಂಚದ ಪಕ್ಕ ನಿಂತವಳು ನಾನು. ಈಗ ಕೂರೋಣ ಅನ್ನಿಸುತ್ತದೆ. ಮದುವೆಯೇಕೆ ಆಗಲಿಲ್ಲ ಅನ್ನುತ್ತೀರಾ? ಆಗ್ತೀಯಾ ಎಂದು ಯಾರೋ ಒಂದು ಸಲ ಕೇಳಿದ್ದರು. ಆ ಮಾತು ಇಲ್ಲಿ ಬೇಡ.

ಈ ‘ಬೇಡ’ ನನಗೆ ಅಂಟಿದ್ದು ನಾನು ಹುಟ್ಟಿ ಬೆಳೆದ ಹಳ್ಳಿ ಗೋವಿನಕೋವಿಯಲ್ಲಿ, ಅವ್ವನಿಂದ. ನಾವು ಕೂಲಿ ಮಾಡಿ ಉಣ್ಣುವವರು. ಯಾರ ಮನೆಗಾದರೂ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಅವ್ವನ ಪಾಠ ಶುರು: “ತಿನ್ನಾಕೆ ಕೊಟ್ರೆ ಗಬಕ್ಕನೆ ಕೈ ಚಾಚಬ್ಯಾಡ. ಮೊದ್ಲು ಬ್ಯಾಡ ಅನ್ನು. ಹಸ್ಕೊಂಡು ಬಂದಾವೆ ಅಂತ ಆಡ್ಕೊಂತಾರೆ.” ಎರಡನೇ ಸಲಕ್ಕೂ ಬೇಡವೇ. ಮೂರನೇ ಸಲ ಆ ಮನೆಯಾಕೆ “ಅಯ್ಯ, ತಗಳೇ, ನಾನೇನು ವಿಷ ಹಾಕಿದೀನಾ?” ಎಂದು ಗದರಿದಾಗ ಅವ್ವನ ಮುಖ ನೋಡಬೇಕು. ಅವ್ವ ಕಣ್ಣಲ್ಲೇ ಹ್ಞೂ ಅಂದರೆ ಕೈ ಒಡ್ಡಬೇಕು. ನಮ್ಮ ಹೊಟ್ಟೆಯ ಸಂಗತಿ ಗೊತ್ತಿದ್ದೂ ಗೊತ್ತಿಲ್ಲದವರಂತೆ ಅವರು ಒತ್ತಾಯ ಮಾಡುತ್ತಿದ್ದರು. ಹಸಿವಿದ್ದೂ ಇಲ್ಲದವರಂತೆ ನಾವು ತಿನ್ನುತ್ತಿದ್ದೆವು. ಎರಡೂ ಕಡೆಯ ಮರ್ಯಾದೆ ಉಳಿಯುತ್ತಿತ್ತು.

ಇಂಥ ಪಾಠ ಕಲಿತವಳು ಹೋಗಿ ಇಳಿದದ್ದು ಲಂಡನ್ನಿನಲ್ಲಿ! ಎಪ್ಪತ್ತರ ದಶಕ. ಅಲ್ಲಿನ ಆಸ್ಪತ್ರೆಯೊಂದಕ್ಕೆ ನರ್ಸುಗಳು ಬೇಕಾಗಿದ್ದಾರೆ ಎಂದು ಕೇಳಿ, ಓದು ಮುಗಿಸಿದ ಹುಮ್ಮಸ್ಸಿನಲ್ಲಿ ಅರ್ಜಿ ಹಾಕಿದ್ದೆ. ಅವ್ವ ಟ್ರಂಕಿನಲ್ಲಿ ಬಟ್ಟೆಗಿಂತ ಹೆಚ್ಚು ಮಂಡಕ್ಕಿ ತುಂಬಿದ್ದಳು. “ಹಗುರ ಐತೆ, ವಿಮಾನದೋರು ಏನೂ ಅನ್ನಂಗಿಲ್ಲ” ಎಂಬುದು ಅವಳ ಲೆಕ್ಕಾಚಾರ. ನರ್ಸುಗಳ ಹಾಸ್ಟೆಲಿನಲ್ಲಿ ಜಾಗ ಆಗುವವರೆಗೆ ಒಂದು ವಾರ ಮಿಸೆಸ್ ಡಾಸನ್ ಎಂಬ ವಿಧವೆಯ ಮನೆಯಲ್ಲಿ ನನ್ನನ್ನು ಇಟ್ಟರು. ಎತ್ತರದ ಹೆಂಗಸು, ಕೈಮೇಲೆ ಕೈಯಿಟ್ಟು ಕೂತಿದ್ದನ್ನು ನಾನು ನೋಡಲೇ ಇಲ್ಲ. ಮೊದಲ ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬಟಾಣಿ ಇಟ್ಟು, “ಇನ್ನೂ ಸ್ವಲ್ಪ?” ಎಂದಳು. “ನೋ, ಥ್ಯಾಂಕ್ಯೂ” ಅಂದೆ. ಪಾತ್ರೆ ಎತ್ತಿಟ್ಟೇಬಿಟ್ಟಳು! ನಾನು ಖಾಲಿ ತಟ್ಟೆಯ ಮುಂದೆ ಎರಡನೇ ಸಲಕ್ಕಾಗಿ ಕಾಯುತ್ತಾ ಕೂತೆ.

ಮರುದಿನವೂ ಅದೇ ಕಥೆ. ಎಂಥ ಜಿಪುಣಿಯಪ್ಪಾ ಈಕೆ, ಒಂದು ಬಾಯಿಮಾತಿನ ಉಪಚಾರಕ್ಕೂ ಗತಿಯಿಲ್ಲವೇ ಎಂದು ಬೈದುಕೊಂಡೆ. ರೂಮಿಗೆ ಹೋಗಿ ಕಂಬಳಿ ಹೊದ್ದು ಮಂಡಕ್ಕಿ ತಿಂದೆ. ಮಂಡಕ್ಕಿ ಸದ್ದು ಮಾಡುತ್ತದಲ್ಲ, ಒಂದೊಂದು ತುತ್ತನ್ನೂ ಬಾಯಲ್ಲೇ ನೆನೆಸಿ ನುಂಗಿದೆ. ನಿಮಗೆ ನಗು ಬರಬಹುದು. ನನಗೆ ಆಗ ಅಳು ಬಂದಿತ್ತು.

ಆಸ್ಪತ್ರೆಯ ಕೆಲಸ ಶುರುವಾಗಲು ಕೆಲವು ದಿನ ಇದ್ದವು. ಊರು ನೋಡೋಣ ಎಂದು ಹೊರಟೆ. ನೆಲದೊಳಗಿನ ರೈಲಿಗೆ ಹೋಗಲು ತಾನಾಗಿಯೇ ಇಳಿಯುವ ಮೆಟ್ಟಿಲು. ಸೀರೆಯ ನೆರಿಗೆ ಎತ್ತಿ ಹಿಡಿದು ಅದರ ಮುಂದೆ ನಿಂತೆ. ಪಕ್ಕದಲ್ಲಿ ಊರಿಗೆ ಊರೇ ಇಳಿದುಹೋಯಿತು. “ಯಾವೂರವ್ವ ನಿಂದು, ಕೈ ಹಿಡ್ಕಾ ಬಾ” ಅನ್ನುವವರು ಒಬ್ಬರೂ ಇಲ್ಲ. ದೇವರಿದ್ದಾನೆ ಎಂದು ಕಣ್ಣು ಮುಚ್ಚಿ ಕಾಲಿಟ್ಟೆ. ಕೆಳಗೆ ತಲುಪಿದಾಗ ಎಲ್ಲಿಗೆ ಹೋಗಬೇಕೆಂಬುದೇ ಮರೆತುಹೋಗಿತ್ತು. ರೈಲಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹೊನ್ನಾಳಿ ಬಸ್ಸಿನಲ್ಲಾದರೆ ಇಷ್ಟು ಹೊತ್ತಿಗೆ ನನ್ನ ಗೋತ್ರ, ಸಂಬಳ, ಊರಿನ ಬಾವಿಯ ನೀರು ಸಿಹಿಯೋ ಉಪ್ಪೋ ಎಲ್ಲ ಹೊರಬರುತ್ತಿತ್ತು.

ಹಸಿವು ತಾಳದೆ ಒಂದು ದೊಡ್ಡ ಅಂಗಡಿಗೆ ನುಗ್ಗಿದೆ. ಸಾಮಾನೆಲ್ಲ ಕೈಗೆಟುಕುವ ಹಾಗೆ ಇಟ್ಟಿದ್ದಾರೆ, ಕೊಡುವವರೇ ಇಲ್ಲ. ಅಂಗಡಿಯವನು “ಏನ್ ಬೇಕವ್ವಾ?” ಅನ್ನದೆ ಪರರ ಸಾಮಾನು ಮುಟ್ಟುವುದುಂಟೆ? ಬ್ರೆಡ್ಡಿನ ಎದುರು ಬಹಳ ಹೊತ್ತು ನಿಂತಿದ್ದೆ. ಕೊನೆಗೆ ಅಂಗಡಿಯ ಹೆಂಗಸೊಬ್ಬಳು ಬಂದು “ಏನಾದರೂ ಬೇಕಿತ್ತೇ?” ಎಂದಳು. ನನ್ನ ಹಾಳು ಬಾಯಿ “ನೋ, ಥ್ಯಾಂಕ್ಯೂ” ಎಂದಿತು. ಆಕೆ ನಕ್ಕು ಹೋದಳು. ನಾನು ಬರಿಗೈಯಲ್ಲಿ ಹೊರಗೆ ಬಂದೆ. ಆ ಸಂಜೆ ಎಷ್ಟು ದಣಿದಿದ್ದೆನೆಂದರೆ, ವಾಪಸು ಬರುವಾಗ ಆ ಬೀದಿಯ ಒಂದೇ ಥರದ ಮನೆಗಳಲ್ಲಿ ನಮ್ಮದು ಯಾವುದೆಂದು ಹುಡುಕುವುದಕ್ಕೂ ಬೇಸರವಾಗಿತ್ತು.

ಆದರೂ ಹೇಳುತ್ತೇನೆ, ಆ ಮನೆ ನನಗೆ ಹಿಡಿಸಿತ್ತು. ಅಡುಗೆಮನೆ ಬೆಚ್ಚಗಿತ್ತು. ಮಿಸೆಸ್ ಡಾಸನ್ ಇಸ್ತ್ರಿ ಮಾಡುತ್ತಾ ತನ್ನಷ್ಟಕ್ಕೆ ಗುನುಗುವುದು ಕೇಳಿದರೆ, ಅರ್ಥವಾಗದಿದ್ದರೂ, ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಶನಿವಾರ ಆಕೆ ಇಸ್ತ್ರಿ ನಿಲ್ಲಿಸಿ, “ನನ್ನ ಮಗಳು ಮದುವೆಯಾಗಿ ಹೋದಮೇಲೆ ಆ ಕೋಣೆ ಖಾಲಿ. ನೀನು ಹಾಸ್ಟೆಲಿಗೆ ಹೋಗುವ ಬದಲು ಇಲ್ಲೇ ಇರಬಹುದಲ್ಲ, ಇಷ್ಟವಿದ್ದರೆ?” ಎಂದಳು. ಮನಸ್ಸು ಹ್ಞೂ ಎಂದು ಕುಣಿಯಿತು. ಬಾಯಿ ಮಾತ್ರ ತನ್ನ ಪಾಠ ಒಪ್ಪಿಸಿತು: “ನೋ ನೋ, ನಿಮಗ್ಯಾಕೆ ತೊಂದರೆ.” “ಸರಿ ಹಾಗಾದರೆ” ಎಂದು ಆಕೆ ಮತ್ತೆ ಇಸ್ತ್ರಿಗೆ ಬಗ್ಗಿದಳು. ಗುನುಗು ನಿಂತಿತ್ತು.

ಭಾನುವಾರ ಆಕೆಯ ತಮ್ಮ ಬಂದ. “ಟೀ?” “ಹ್ಞೂ.” “ಕೇಕು?” “ಹ್ಞೂ.” “ಇನ್ನೊಂದು ಚೂರು?” “ಹ್ಞೂ.” “ಮತ್ತೊಂದು?” “ಬೇಡ.” ಆಕೆ ತಟ್ಟೆ ಎತ್ತಿಟ್ಟಳು. ನಾಚಿಕೆಯಿಲ್ಲ, ಸಂಕೋಚವಿಲ್ಲ, ಒಡಹುಟ್ಟಿದವಳೂ ಒತ್ತಾಯ ಮಾಡಲಿಲ್ಲ! ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಗ ತಲೆಗೆ ಹೊಳೆಯಿತು. ಈ ಊರಿನಲ್ಲಿ ಕೇಳುವುದು ಒಂದೇ ಸಲ. ಬೇಡ ಅಂದರೆ ಬೇಡವೇ. ಹಾಗಾದರೆ ಆ ಕೋಣೆ?

ತಮ್ಮ ಹೋದ ಕೂಡಲೇ ಅಡುಗೆಮನೆ ಬಾಗಿಲಿಗೆ ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಮಿಸೆಸ್ ಡಾಸನ್ ಅಂಗೈ ಚಾಚಿದಳು. ಅದರಲ್ಲಿ ನಾಲ್ಕಾರು ಮಂಡಕ್ಕಿ ಕಾಳು. “ನಿನ್ನ ಮಂಚದ ಕೆಳಗೆ ಗುಡಿಸುವಾಗ ಸಿಕ್ಕಿತು. ಇದನ್ನು ತಿಂದುಕೊಂಡು ಮಲಗುತ್ತಿದ್ದೆಯಾ? ನನ್ನ ಅಡುಗೆ ಅಷ್ಟು ಕೆಟ್ಟದ್ದಾ?” ಆಕೆಯ ಕಣ್ಣು ತುಂಬಿತ್ತು. “ವಾರವೆಲ್ಲ ಏನು ಕೊಟ್ಟರೂ ನೋ ಅಂದೆ. ನನ್ನನ್ನು ಕಂಡರೆ ಆಗುವುದಿಲ್ಲವೇನೋ ಅಂದುಕೊಂಡೆ.” ನಾನು ನನ್ನ ಮುರುಕು ಇಂಗ್ಲಿಷಿನಲ್ಲಿ ಅವ್ವನ ಪಾಠವನ್ನೆಲ್ಲ ಹೇಳಿದೆ, ಕೋಣೆ ಬೇಕು ಅಂದೆ, ಅತ್ತೂ ಬಿಟ್ಟೆ. ಆಕೆ ಕುರ್ಚಿಯ ಮೇಲೆ ಕುಸಿದು ಕೂತಳು. “ಅಯ್ಯೋ ಮಗೂ, ಬೆಳಿಗ್ಗೆ ತಾನೇ ಬೇರೆ ಹುಡುಗಿಗೆ ಮಾತು ಕೊಟ್ಟೆನಲ್ಲ.”

ಸೋಮವಾರ ಟ್ರಂಕು ಎತ್ತಿಕೊಂಡು ಹಾಸ್ಟೆಲಿಗೆ ಹೊರಟೆ. ಬಾಗಿಲಲ್ಲಿ ಮಿಸೆಸ್ ಡಾಸನ್ ಏನೂ ಕೇಳದೆ ಬ್ರೆಡ್ಡು, ಬೆಣ್ಣೆ, ಕೇಕು ಸುತ್ತಿದ ಒಂದು ಪೊಟ್ಟಣವನ್ನು ನನ್ನ ಕೈಗೆ ತುರುಕಿ ಬೆರಳು ಮಡಿಸಿದಳು. ಬೇಡ ಅನ್ನಲು ಜಾಗವೇ ಕೊಡಲಿಲ್ಲ. ಹಾಸ್ಟೆಲಿನ ಉದ್ದನೆಯ ಓಣಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದವು. ಆಮೇಲೆ ಆ ದೇಶದಲ್ಲಿದ್ದ ವರ್ಷಗಳಷ್ಟೂ ನಾನು ಆ ಮುಚ್ಚಿದ ಬಾಗಿಲುಗಳಲ್ಲೇ ಒಂದರ ಹಿಂದೆ ಇದ್ದೆ.

ಅಲ್ಲಿ ಕಲಿತದ್ದನ್ನು ಊರಿಗೆ ಬಂದಮೇಲೆ ಮರೆತೆ. ಇಲ್ಲಿ ಅದು ಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಈಗ ನ್ಯಾಮತಿಯೂ ಒಂದೇ ಸಲ ಕೇಳುವ ಊರಾಗಿದೆ. ತಪ್ಪಲ್ಲ ಬಿಡಿ, ಅವರಿಗೆ ಅವರದೇ ಸಾವಿರ ಕೆಲಸ. ಗೋಡೆ ಹಿಡಿದು ಎದ್ದೆ. ಮಂಡಿ ಕಟಕ್ಕೆಂದಿತು. ಅಡುಗೆಮನೆ ಬಾಗಿಲಿಗೆ ಹೋಗಿ ನಿಂತೆ.

“ಸವಿತಾ, ಒಲೆ ಹಚ್ಚವ್ವ.”

“ಈಗಷ್ಟೇ ಬ್ಯಾಡ ಅಂದ್ಯಲ್ಲ ದೊಡ್ಡವ್ವ!”

“ಅಂದೆ. ನಿನ್ನೇನೂ ಬ್ಯಾಡ ಅಂದೆ. ಎರಡೂ ಬೇಕು ನಂಗೆ. ಟೀನೂ ಬೇಕು, ಆ ರೂಮೂ ಬೇಕು. ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೆ?”

ಸವಿತಾ ಚಪಾತಿ ಹಿಟ್ಟಿನ ಕೈಯಲ್ಲೇ ತಿರುಗಿದಳು. “ಯಾರಿಗೆ ಕೊಡ್ತಾರೆ? ನೋಡಾಕೇ ಬಂದಿಲ್ಲ ಇನ್ನೂ,” ಅಂದಳು. ಆಮೇಲೆ ಹಿಟ್ಟಿನ ಕೈ ಕೊಡವಿದಳು. “ನಮ್ಮನೆ ನಿಂಗೆ ಸೇರಲ್ಲೇನೋ ಅಂತ ರಾತ್ರಿಯಿಂದ ನಂಗೆ ಹೆಂಗಾಗಿತ್ತು ಗೊತ್ತಾ?”

ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಲೆ ಹಚ್ಚಿದಳು. ಪಾತ್ರೆಗೆ ನೀರು ಹಿಡಿಯುತ್ತಾ, ನನ್ನ ಕಡೆ ನೋಡದೆ ಕೇಳಿದಳು:

“ಅರ್ಧ ಲೋಟನೋ, ಪೂರ್ತಿನೋ?”

“ಪೂರ್ತಿ,” ಅಂದೆ.