ತಾಯಿಯ ಒಪ್ಪಿಗೆಯ ಕಾಗದ

ನಾಸಿಕದಲ್ಲಿ ಗೋದಾವರಿ ದಂಡೆಗೆ ನಮ್ಮ ಮಠವಿತ್ತು. ದೊಡ್ಡದಲ್ಲ. ಕಲ್ಲಿನ ಎರಡು ಅಂತಸ್ತು, ನದಿಯ ಕಡೆ ಒಂದು ಬಾಗಿಲು, ಓಣಿಯ ಕಡೆ ಒಂದು. ಬೀದರ್ ಸೀಮೆಯಿಂದ ಬಂದ ವೃದ್ಧ ಗುರುಗಳು ಪೀಠದಲ್ಲಿದ್ದರು. ನಾನು ಮೆಟ್ರಿಕ್ ಮುಗಿಸಿ ಪಿಂಪಳಗಾಂವ್ ಬಸವಂತ್‌ನ ಉಳ್ಳಾಗಡ್ಡಿ ಅಡತಿ ಅಂಗಡಿಯಲ್ಲಿ ಮೂರು ವರ್ಷ ತೂಕದ ಚೀಟಿ ಬರೆದು, ಆ ಧೂಳು ಸಾಕಾಗಿ ಮಠ ಸೇರಿದವನು. ಅಕ್ಷರ ದುಂಡಗಿದ್ದವು. ಮಠದ ಕಾಗದಪತ್ರ ಬರೆಯುವ ಕೆಲಸ ಸಿಕ್ಕಿತು. ಇದು ಅರವತ್ತರ ದಶಕದ ನಡುವಿನ ಮಾತು.

ಗುರುಗಳು ತಮ್ಮ ನಂತರ ಪೀಠಕ್ಕೆ ಬರಬೇಕೆಂದು ಒಬ್ಬರನ್ನು ಆರಿಸಿದ್ದರು. ಅವರನ್ನು ನಾವು ಬ್ರಹ್ಮಚಾರಿಗಳು ಎನ್ನುತ್ತಿದ್ದೆವು. ನನಗಿಂತ ಎರಡು ವರ್ಷಕ್ಕೆ ಹಿರಿಯರು. ಎಂಟು ವರ್ಷ ಗುರುಗಳ ಕಾಲ ಬಳಿ ಕೂತು ಓದಿದ್ದರು, ಒಂದೇ ಹೊತ್ತು ಉಣ್ಣುತ್ತಿದ್ದರು, ಚಳಿಗಾಲದಲ್ಲೂ ನದಿಯಲ್ಲೇ ಮೀಯುತ್ತಿದ್ದರು. ಉಳಿದದ್ದು ಸನ್ಯಾಸ ಮಾತ್ರ. ಸನ್ಯಾಸ ತೆಗೆದುಕೊಳ್ಳುವವನು ಮೊದಲು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳಬೇಕು. ಹಿರಿಯರಿಗೆಲ್ಲ ಪಿಂಡ ಇಟ್ಟು, ಕೊನೆಗೆ ತನಗೂ ಒಂದು ಇಟ್ಟುಕೊಳ್ಳಬೇಕು. ಅಲ್ಲಿಗೆ ಅವನು ಮನೆಯವರ ಪಾಲಿಗೆ ಸತ್ತಂತೆ.

ಇದಕ್ಕೆ ತಾಯಿಯ ಒಪ್ಪಿಗೆ ಬೇಕಿತ್ತು. ತಾಯಿ ಬೇಡವೆಂದರೆ ಸನ್ಯಾಸವಿಲ್ಲ ಎಂಬುದು ನಮ್ಮ ಮಠದ ಕಟ್ಟಳೆ. ಬ್ರಹ್ಮಚಾರಿಗಳು ಒಬ್ಬನೇ ಮಗ. ವಿಧವೆ ತಾಯಿ ಔರಂಗಾಬಾದಿನಲ್ಲಿ, ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನಲ್ಲಿ, ಬಟ್ಟೆ ಅಂಗಡಿ ಇಟ್ಟಿದ್ದ ತಮ್ಮ ಅಣ್ಣನ ಮನೆಯಲ್ಲಿದ್ದರು. ಗುರುಗಳು ನನ್ನನ್ನು ಕರೆದರು.

“ಹೋಗಿ ಕೇಳಿ ಬಾರಪ್ಪ. ಹೂಂ ಅಂದ್ರ ಹೆಬ್ಬೆಟ್ಟು ಒತ್ತಿಸಿಕೊಂಡು ಬಾ. ಒಲ್ಲೆ ಅಂದ್ರ ಅದನ್ನೂ ಹಂಗೇ ಬಂದು ಹೇಳು.”

ಗುರುಗಳ ಉಸಿರು ಆಗಲೇ ಕುಂಟುತ್ತಿತ್ತು. ಬ್ರಹ್ಮಚಾರಿಗಳು ಪೀಠಕ್ಕೆ ಬಾರದಿದ್ದರೆ ಉತ್ತರದ ಕಡೆಯ ಬೇರೊಬ್ಬ ಸಾಧು ಬರುವವರಿದ್ದರು, ಅವರ ಜೊತೆ ಅವರದೇ ಜನ. ಕನ್ನಡ ಬರೆಯುವ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ. ರೈಲಿನಲ್ಲಿ ಕೂತು ನಾನು ಯೋಚಿಸಿದ್ದು ಧರ್ಮದ ವಿಷಯವಲ್ಲ, ಇದನ್ನೇ.

ಗುಲ್‌ಮಂಡಿಯ ಪೇಟೆಯ ಹಿಂದಿನ ಓಣಿಯ ಮನೆ. ನಡುಮನೆಯಲ್ಲಿ ಆ ತಾಯಿ ಅಕ್ಕಿ ಆರಿಸುತ್ತ ಕೂತಿದ್ದರು. ನಾನು ಬಂದ ಕಾರಣ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ತನ್ನ ಪಿಂಡ ತಾನೇ ಇಟ್ಕೋತಾನಂತೇನು?”

“ಹೌದ್ರಿ ಅವ್ವಾ. ದೊಡ್ಡ ಪುಣ್ಯದ ಕೆಲಸರಿ. ಇಪ್ಪತ್ತೊಂದು ತಲಿ ಉದ್ಧಾರ ಆಗ್ತದಂತ ಗುರುಗಳು ಹೇಳ್ಯಾರ.”

“ಇಪ್ಪತ್ತೊಂದು ತಲಿ ತಗೊಂಡು ನಾ ಏನ್ ಮಾಡ್ಲಿ. ನಾ ಹಡದದ್ದು ಒಂದೇ ತಲಿ.” ಒಂದು ಹರಳು ಹೆಕ್ಕಿ ಹೊರಗೆ ಎಸೆದರು. “ನಾ ಸತ್ತ ಮ್ಯಾಲೆ ಅಂವ ನನಗ ಇಡಬೇಕು. ಅಂವಂದು ಅಂವನೇ ಇಟ್ಕೊಂಡು ಕುಂತ್ರ ನನಗ ಯಾರು ಇಡೋರು? ನೀ ಇಡ್ತೀಯೇನು ತಮ್ಮಾ?”

ನಾನು ತಂದಿದ್ದ ಕಾಗದವನ್ನು ಮಡಿಚಿ ಸಂಚಿಗೆ ಸೇರಿಸಿದೆ.

“ಚಾ ಕುಡದು ಹೋಗು. ಒಲ್ಲೆ ಅಂದಳಂತ ಹೇಳು. ನಾ ಹ್ವಾದ ಮ್ಯಾಲೆ ಏನರೆ ಮಾಡ್ಕೊಳ್ಳಿ.”

ಚಹಾ ಕುಡಿದೇ ಬಂದೆ. ಹಿಂದಿರುಗುವಾಗ ಮನಮಾಡ್ ಕಡೆಗೆ ಹೋಗುವ ಗಾಡಿ ದೌಲತಾಬಾದಿನಲ್ಲಿ ನಿಂತಾಗ ಇಳಿದುಬಿಟ್ಟೆ. ಯಾಕೆ ಇಳಿದೆನೆಂದು ನನಗೆ ಗೊತ್ತಿತ್ತು. ಎದುರಿಗೆ ಕೋಟೆಯ ಗುಡ್ಡ, ಸುತ್ತ ಮಧ್ಯಾಹ್ನದ ಬಿಸಿಲು. ಚಹಾದಂಗಡಿಯ ಹಲಗೆಯ ಮೇಲೆ ಕಾಗದ ಹರವಿ, ಮಗನ ಸನ್ಯಾಸಕ್ಕೆ ನನ್ನ ಮನಃಪೂರ್ವಕ ಒಪ್ಪಿಗೆ ಇದೆ ಎಂದು ಆ ತಾಯಿಯ ಪರವಾಗಿ ಬರೆದೆ. ಅಂಗಡಿಯವನು ನೀರು ತರಲು ಹೋದಾಗ ಕೆಟಲಿಯ ತಳದ ಮಸಿಗೆ ನನ್ನ ಹೆಬ್ಬೆರಳು ಹಚ್ಚಿದೆ. ಗಂಡಸಿನ ಬೆರಳೆಂದು ತಿಳಿಯಬಾರದಲ್ಲ, ತುದಿಯನ್ನಷ್ಟೇ ಮೆಲ್ಲಗೆ ಒತ್ತಿದೆ. ನಂತರದ ಗಾಡಿ ಹಿಡಿದೆ.

ಮಠದಲ್ಲಿ ಗುರುಗಳು ಕಾಗದ ನೋಡಿ, “ಮನಸಾರೆ ಕೊಟ್ಟಳೇನಪ್ಪ?” ಎಂದರು.

“ಹೌದ್ರಿ ಗುರುಗಳ.”

ಬ್ರಹ್ಮಚಾರಿಗಳು ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಆ ಮಸಿಯ ಗುರುತಿನ ಮೇಲೆ ಕೆನ್ನೆಯಿಟ್ಟು, “ಇನ್ನಾ ಬೆಚ್ಚಗದ” ಎಂದರು. ಕಾಗದ ಬರೆದು ಒಂದು ರಾತ್ರಿ ಕಳೆದಿತ್ತು. ನನ್ನ ಹೆಬ್ಬೆರಳನ್ನು ಯಾರೋ ಹಿಡಿದಂತಾಯಿತು. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಶ್ರಾದ್ಧ ನದಿಯ ಬಾಗಿಲ ಮೆಟ್ಟಿಲ ಮೇಲೆ ನಡೆಯಿತು. ಅವರು ತಮ್ಮ ಹೆಸರನ್ನು, ಗೋತ್ರವನ್ನು ಸತ್ತವರ ಹೆಸರು ಹೇಳುವಂತೆ ಹೇಳಿ ಕೊನೆಯ ಪಿಂಡ ಇಟ್ಟರು. ಎದುರಿನ ಗೋಡೆಯ ಮೇಲೆ ಕಾಗೆಗಳು ಕೂತಿದ್ದವು. ಹಿರಿಯರ ಪಿಂಡಗಳನ್ನು ಹಾರಿ ದಾಟಿ ಬಂದು ಒಂದು ಕಾಗೆ ನೇರ ಆ ಕೊನೆಯದಕ್ಕೆ ಕೊಕ್ಕು ಹಾಕಿತು. ಅವರ ಕೈ ಇನ್ನೂ ಅದರ ಮೇಲೇ ಇತ್ತು. ಅವರು ಕೈ ತೆಗೆಯಲಿಲ್ಲ.

ಅದಾದ ಮೇಲೆ ಗುರುಗಳು ಅವರನ್ನು ನಲವತ್ತೆಂಟು ದಿನ ಕೆಳಗಿನ ಕೋಣೆಯಲ್ಲಿ ಇಟ್ಟರು. ಯಾರೂ ಅವರ ಮುಖ ನೋಡಬಾರದು, ಕೂಗಬಾರದು, ಉತ್ತರ ಕೊಡಬಾರದು. ಕೋಣೆಯಲ್ಲಿ ಕನ್ನಡಿಯಿಲ್ಲ, ನೀರನ್ನೂ ಬಾಯಿ ಸಣ್ಣಗಿರುವ ತಂಬಿಗೆಯಲ್ಲೇ ಇಡಬೇಕು, ಮುಖ ಕಾಣದಂತೆ. ತಾನು ಸತ್ತಿದ್ದೇನೆಂದು ಶರೀರಕ್ಕೂ ತಿಳಿಯಬೇಕು ಎನ್ನುತ್ತಿದ್ದರು ಗುರುಗಳು. ಹೊಸ್ತಿಲಲ್ಲಿ ಊಟ ಇಡುವ ಕೆಲಸ ನನ್ನದು. ತಟ್ಟೆ ಖಾಲಿಯಾಗಿರುತ್ತಿತ್ತು. ಆದರೆ ಒಳಗಿಂದ ಒಂದು ಸಪ್ಪಳ, ಒಂದು ಕೆಮ್ಮು ಕೇಳಿದ್ದು ನೆನಪಿಲ್ಲ. ನಸುಕಿನಲ್ಲಿ, ಯಾರೂ ಏಳುವ ಮುಂಚೆ ಅವರು ಮೀಯಲು ನದಿಗೆ ಹೋದ ಹೊತ್ತಿನಲ್ಲಿ ಕಸ ಗುಡಿಸಲು ಹೋದರೆ ಚಾಪೆಯ ಕೆಳಗಿನ ಹುಲ್ಲಿನಲ್ಲಿ ಮಲಗಿದ ತಗ್ಗು ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ತಡೆಯಲಾರದೆ ಬಾಗಿಲ ಸಂದಿಯಿಂದ ನೋಡಿದೆ. ಅವರು ಗೋಡೆಗೆ ಒರಗದೆ ಕೂತಿದ್ದರು. ಕಣ್ಣು ತೆರೆದಿದ್ದವು. ತೆರೆದ ಕಣ್ಣಿನ ಮೇಲೆ ನೊಣವೊಂದು ನಡೆಯುತ್ತಿತ್ತು. ಅವರು ರೆಪ್ಪೆ ಬಡಿಯಲಿಲ್ಲ. ಒಪ್ಪಿಗೆಯಿಲ್ಲದೆ ಮಾಡಿದ ಶ್ರಾದ್ಧ ಮನುಷ್ಯನನ್ನು ಎಲ್ಲಿಗೆ ಕಳಿಸುತ್ತದೆ ಎಂದು ನಾನು ಯಾರನ್ನು ಕೇಳಲಿ.

ಆ ವಾರವೇ ಔರಂಗಾಬಾದಿಗೆ ಕಾರ್ಡು ಬರೆಯಬೇಕಾಯಿತು. ನಿಮ್ಮ ಮಗನ ಪೂರ್ವಾಶ್ರಮ ಮುಗಿಯಿತು, ಆತ್ಮಶ್ರಾದ್ಧ ಆಯಿತು ಎಂದು. ಬರೆದವನೂ ನಾನೇ.

ಮುಂದೆ ಗುರುಗಳು ದೇಹ ಬಿಟ್ಟರು. ಇವರು ಪೀಠಕ್ಕೆ ಬಂದರು. ಒಳ್ಳೆಯ ಸ್ವಾಮಿಗಳಾದರು. ಮೆಲ್ಲಗೆ ಮಾತಾಡುವವರು, ಸಟಾಣಾ ಕಡೆಯ ಹೊಲದ ಜನ ಕೂಡ ಜಗಳ ಬಗೆಹರಿಸಿಕೊಳ್ಳಲು ಬರುತ್ತಿದ್ದರು. ದಿನಾ ಬೆಳಿಗ್ಗೆ ಪೂಜೆಗೆ ಕೂರುವ ಮೊದಲು ಆ ಕಾಗದ ತೆಗೆದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಏಳು ವರ್ಷ ನಾನು ಬದಿಯಲ್ಲಿ ನಿಂತು, ಅವರು ನನ್ನ ಹೆಬ್ಬೆರಳಿಗೆ ನಮಸ್ಕರಿಸುವುದನ್ನು ನೋಡಿದೆ.

ಸನ್ಯಾಸಿ ತನ್ನ ಮನೆಯವರಲ್ಲಿ ಯಾರಿಗೂ ತಲೆಬಾಗುವಂತಿಲ್ಲ, ತಾಯಿಗೊಬ್ಬಳಿಗೆ ಬಿಟ್ಟು. ಎಪ್ಪತ್ತರ ದಶಕದ ಮೊದಲಲ್ಲಿ, ಸನ್ಯಾಸಿಗಳ ಎರಡು ತಿಂಗಳ ಚಾತುರ್ಮಾಸ್ಯ ಭಾದ್ರಪದ ಹುಣ್ಣಿಮೆಗೆ ಮುಗಿದ ಮೇಲೆ, ಅವರು ಆ ನಮಸ್ಕಾರಕ್ಕೆ ಹೊರಟರು. ಜೊತೆಗೆ ನಾನು ಮಾತ್ರ. ನಾವು ಗುಲ್‌ಮಂಡಿಯ ಆ ಓಣಿ ತಲುಪಿದ್ದು ಪಿತೃಪಕ್ಷದ ಅಮಾವಾಸ್ಯೆ, ಹಗಲು ಹನ್ನೆರಡರ ಹೊತ್ತು. ಬಾಗಿಲು ತೆರೆದಿತ್ತು. ಒಳಗೆ ಗೋಡೆಯ ಬದಿ ಎಲೆ ಹಾಕಿ ಸತ್ತವರಿಗೆ ಎಡೆ ಬಡಿಸಿದ್ದರು: ಗೋಧಿ ಹುಗ್ಗಿ, ವಡೆ, ಅಗಸಿ ಹಿಂಡಿ. ಸ್ವಾಮಿಗಳು ಹೊಸ್ತಿಲ ಹೊರಗೆ ನಿಂತು ಭಿಕ್ಷೆ ಕೇಳಿದರು.

ಆ ತಾಯಿ ಬಂದರು. ಬಹಳ ಬತ್ತಿದ್ದರು. ಅವರು ಮಗನ ಮುಖ ನೋಡಲಿಲ್ಲ, ಕಾಲು ನೋಡಿದರು. ಪಾದ ಮುಂದಕ್ಕಿವೆಯೋ ಹಿಂದಕ್ಕೋ ಎಂದು ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು.

“ತಮ್ಮಾ, ಇಂವ ನಿನಗೂ ಕಾಣ್ತಾನೇನು?”

“ಕಾಣ್ತಾರ್ರಿ ಅವ್ವಾ” ಎಂದೆ.

“ವರ್ಷಾ ಇದೇ ದಿನಾ ಬರ್ತಾನ. ಮೂಲ್ಯಾಗ ಕುಂತು ಹೋಗ್ತಾನ. ಇವತ್ತು ಬಾಗಿಲಿಗಿ ನಿಂತಾನ.” ಮತ್ತೆ ಮಗನ ಕಡೆ ತಿರುಗಿ, “ನಾ ಒಲ್ಲೆ ಅಂದ್ರೂ ಹ್ವಾದ್ಯಲ್ಲೋ. ಹ್ವಾದವ ಮತ್ಯಾಕ ಬರ್ತಿ?”

ಸ್ವಾಮಿಗಳು ಸಂಚಿಯಿಂದ ಕಾಗದ ತೆಗೆದರು. “ಅವ್ವಾ, ನೀನೇ ಕಳಿಸಿದಿ. ಇದು ನಿಂದೇ ಹೆಬ್ಬೆಟ್ಟು ಅಲ್ಲೇನು?”

ಆ ತಾಯಿ ಕಾಗದ ಇಸಿದುಕೊಂಡರು. ಓದಲು ಬರುತ್ತಿರಲಿಲ್ಲ. ಆದರೆ ತನ್ನ ಹೆಬ್ಬೆರಳನ್ನು ಯಾರಿಗೂ ಕೊಟ್ಟಿಲ್ಲವೆಂಬುದು ತಿಳಿಯಲು ಓದು ಬೇಕಿರಲಿಲ್ಲ. ಮಸಿಯ ಗುರುತನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಏಳು ವರ್ಷ ಮಗ ತನ್ನ ಮಾತು ಮೀರಿ ಸತ್ತನೆಂದು ಎಡೆ ಇಟ್ಟ ಆ ಹೆಂಗಸಿಗೆ, ಅವನು ಮೀರಿರಲಿಲ್ಲವೆಂದು ಆಗ ತಿಳಿಯಿತು. ಯಾರು ಮೀರಿದ್ದರೆಂದೂ ತಿಳಿಯಿತು.

ಈಗ ಹೇಳುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಆಕೆ ಒಂದು ಮಾತು ಹೇಳಿದ್ದರೆ ಅವರ ಸನ್ಯಾಸ, ಪೀಠ, ಎಂಟೂ ಏಳೂ ಹದಿನೈದು ವರ್ಷದ ತಪಸ್ಸು ಅಲ್ಲೇ ಬೀಳುತ್ತಿತ್ತು.

“ಹೌದಪ್ಪ, ನಂದೇ” ಎಂದರು. “ಮರ್ತಿದ್ದೆ. ವಯಸ್ಸಾತು.”

ಮಗ ಹೊಸ್ತಿಲ ಮೇಲೆ ಉದ್ದಕ್ಕೆ ಅಡ್ಡಬಿದ್ದರು. ಆಕೆ ಒಳಗೆ ಹೋಗಿ, ಗೋಡೆಯ ಬದಿ ಸತ್ತ ಮಗನಿಗೆ ಬಡಿಸಿದ್ದ ಎಡೆಯನ್ನೇ ಎಲೆಸಮೇತ ಎತ್ತಿ ತಂದು ಎದುರಿಗಿಟ್ಟರು. ಸ್ವಾಮಿಗಳು ಅಲ್ಲೇ ಕೂತು ಉಂಡರು. ಆಕೆ ಪ್ರತಿ ತುತ್ತನ್ನೂ ಬಾಯಿಯ ತನಕ ನೋಡುತ್ತಿದ್ದರು, ಅದು ನಿಜವಾಗಿ ಒಳಗೆ ಹೋಗುತ್ತದೋ ಇಲ್ಲವೋ ಎಂಬಂತೆ.

ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಆಕೆ ಹಿಂದೆ ಬಂದು ನೀರು ಹಾಕಿದರು. “ಅಂವ ಇರೋ ತನಕ ಬಾಯಿ ಬಿಡಬ್ಯಾಡ” ಎಂದರು. ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ವರ್ಷ ಇದನ್ನು ಹೊರುತ್ತಿರಲಿಲ್ಲವೇನೋ.

ಹಿಂದಿರುಗುವ ಗಾಡಿಯಲ್ಲಿ ಸ್ವಾಮಿಗಳು ಕಿಟಕಿಯ ಬಳಿ ಕೂತು ಕೇಳಿದರು. “ಅವತ್ತು ನೀವು ಹೋದಾಗ ಅವ್ವ ಏನಂದ್ಳು, ಇನ್ನೊಮ್ಮೆ ಹೇಳ್ರಿ.”

ನಾನು ಹೇಳಿದೆ. ಚಹಾ ಕೊಟ್ಟರು, ಕಣ್ಣೀರು ಒರೆಸಿಕೊಂಡರು, ಹೋಗಿ ದೊಡ್ಡವನಾಗಲಿ ಅಂದರು ಎಂದೆ. ಮೊದಲ ಸುಳ್ಳನ್ನು ನನ್ನ ಹೊಟ್ಟೆಪಾಡಿಗೆ ಹೇಳಿದ್ದೆ. ಈ ಎರಡನೆಯದನ್ನು ಆಕೆಯ ಅಪ್ಪಣೆಯಂತೆ ಹೇಳಿದೆ. ಎರಡೂ ಒಂದೇ ಬಾಯಿಂದ ಬಂದವು, ಎರಡರ ರುಚಿಯೂ ಒಂದೇ ಇತ್ತು.

ಆ ತಾಯಿ ಹೋಗಿ ಬಹಳ ಕಾಲವಾಯಿತು. ಆಕೆಗೆ ಪಿಂಡ ಇಟ್ಟವರು ಅಣ್ಣನ ಮಕ್ಕಳು. ಸ್ವಾಮಿಗಳೂ ಈಗಿಲ್ಲ. ಬಾಯಿ ಬಿಡಬೇಡವೆಂದ ಗಡುವು ಮುಗಿಯಿತು, ಆದ್ದರಿಂದ ಬರೆಯುತ್ತಿದ್ದೇನೆ. ಆಕೆ ಒಪ್ಪಿರಲಿಲ್ಲ. ಒಲ್ಲೆ ಅಂದಿದ್ದರು. ಅದನ್ನು ಬಂದು ಹಾಗೇ ಹೇಳೆಂದು ಗುರುಗಳು ನನ್ನನ್ನು ಕಳಿಸಿದ್ದರು.